ಶ್ರಾವಣದಲ್ಲಿ ಬಂದ ಪಾವ್ಣಿ

ನನಗೆ ನಾಯಿ ಎಂದರೆ ಅಷ್ಟಕ್ಕಷ್ಟೇ ಇತ್ತು. ಈಗ ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಬಿಣಗಾದಲ್ಲಿ ಮನೆ, ಅಂಕೋಲೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ. ದಿನಾ ಬಸ್ಸಿಗೆ ಹೋಗುವಾಗ ಬರುವಾಗ ರಸ್ತೆಯಲ್ಲಿ ಮಲಗಿದ ನಾಯಿಗಳಿಗೆ ನಾಲ್ಕು ಮಾರು ದೂರದಿಂದ ಸುತ್ತುಹಾಕಿ ದಾಟುತ್ತಿದ್ದವಳು ನಾನು. ಅಂಥವಳ ಜಗಲಿಗೆ ತೊಡೆಯೊಳಗೆ ಕಬ್ಬಿಣದ ಸರಳಿದ್ದ ನಾಯಿಯೊಂದು ಬಂದು ಬಿದ್ದುಕೊಂಡದ್ದಕ್ಕೆ ಕಾರಣ ಇಬ್ಬರು: ನಮ್ಮ ಶಾಲೆಯ ಡ್ರಿಲ್ ಮಾಸ್ತರರು, ಮತ್ತು ತಡೆಯಿಲ್ಲದ ನನ್ನ ನಾಲಿಗೆ.

ಆ ವರ್ಷಗಳಲ್ಲಿ ಬಾಳೆಗುಳಿ ಕ್ರಾಸಿನಲ್ಲಿ ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಅದರ ಧೂಳಿಗೆ ಅಲ್ಲಿ ರಸ್ತೆ ಕೆಂಪು, ಗಿಡ ಕೆಂಪು, ಅಂಗಡಿಯ ತಗಡೂ ಕೆಂಪು. ಅಲ್ಲಿನ ಒಂದು ಖಾನಾವಳಿಯ ಹಿಂದೆ, ಲಾರಿ ಬಡಿದು ಹಿಂಗಾಲು ಎಳೆಯುತ್ತಿದ್ದ ನಾಯಿಯನ್ನು ಮಾಸ್ತರರು ಕಂಡರು. ಗೋಣಿಚೀಲದಲ್ಲಿ ಮಲಗಿಸಿ, ರಿಕ್ಷಾ ಮಾಡಿಕೊಂಡು ಕಾರವಾರಕ್ಕೆ ಒಯ್ದರು. ಅಲ್ಲಿನ ದನದ ಡಾಕ್ಟರು ಹರೆಯದವರು, ಉತ್ಸಾಹಿ. ಮುರಿದ ತೊಡೆಯ ಎಲುಬಿನೊಳಗೆ ಸರಳು ತೂರಿಸಿ ಕೂಡಿಸಿದರು. ಆದರೆ ಕಾಲು ಕೂಡಿಬರುವ ಆರು ವಾರ ಅದನ್ನು ಇಟ್ಟುಕೊಳ್ಳುವವರು ಬೇಕಿತ್ತು. ಮಾಸ್ತರರದ್ದು ಒಂದೇ ಕೋಣೆಯ ಬಾಡಿಗೆ ಮನೆ, ಮಾಲೀಕರು ಬೆಕ್ಕನ್ನೂ ಒಳಗೆ ಬಿಡುವವರಲ್ಲ.

ಅವರು ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರನ್ನೂ ಕೇಳುತ್ತ ಬಂದರು. ಒಬ್ಬರಿಗೆ ಮಗಳ ಪರೀಕ್ಷೆ, ಇನ್ನೊಬ್ಬರಿಗೆ ಅಸ್ತಮಾ, ಮತ್ತೊಬ್ಬರ ಮನೆಯಲ್ಲಿ ಆಗಲೇ ಕೋಳಿಗಳಿದ್ದವು. ಕೇಳಿ ಕೇಳಿ ನನಗೆ ಪಿತ್ತ ನೆತ್ತಿಗೇರಿತು. "ಒಂದು ಮೂಕ ಪ್ರಾಣಿಗೆ ಆರು ವಾರ ಜಾಗ ಕೊಡೂಕೆ ಆಗದವರು ಮಕ್ಕಳಿಗೆ ದಯೆ ಪಾಠ ಎಂತಕೆ ಮಾಡ್ತೀರಿ?" ಎಂದು ಕೂಗಿಯೇಬಿಟ್ಟೆ. ಮಾಸ್ತರರು ನನ್ನ ಕಡೆ ತಿರುಗಿ ಬಹಳ ವಿನಯದಿಂದ, "ಹಂಗಾದ್ರೆ ನಿಮ್ಮನೆಗೇ ತರ್ಲಾ ಅಕ್ಕೋರೆ?" ಎಂದರು. ಇಲ್ಲ ಎನ್ನಲು ನನಗೆ ಮುಖ ಉಳಿದಿರಲಿಲ್ಲ.

ನಮ್ಮ ಮನೆಯಲ್ಲಿ ಆಗ ಮೂವರು. ನಾನು, ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದ ನನ್ನ ಗಂಡ, ಮತ್ತು ಅತ್ತೆ. ಅತ್ತೆಯನ್ನು ಗಂಡನಂತೆ ನಾನೂ ಆಯಿ ಎಂದೇ ಕರೆಯುತ್ತಿದ್ದೆ. ಎತ್ತರದ ಹೆಂಗಸು, ಮಾತು ಕಡಿಮೆ, ಆಡಿದ್ದು ಕಾಯಿದೆ. ರಿಕ್ಷಾದಿಂದ ನಾಯಿಯನ್ನು ಇಳಿಸುವಾಗ ಬಾಗಿಲಲ್ಲಿ ನಿಂತು ನೋಡಿ, "ಜಗಲಿ ಮೇಲೆ ಇರ್ಲಿ. ಹೊಸ್ತಿಲು ದಾಟೂಕಿಲ್ಲ," ಎಂದವರೇ ಒಳಗೆ ಹೋದರು.

ಡಾಕ್ಟರ ಅಪ್ಪಣೆಗಳು ಬಹಳ ಇದ್ದವು. ಓಡಬಾರದು, ಹಾರಬಾರದು, ಮೆಟ್ಟಿಲು ಹತ್ತಬಾರದು. ಹೊರಗೆ ಒಯ್ಯುವಾಗ ಹೊಟ್ಟೆಯ ಕೆಳಗೆ ಬಟ್ಟೆ ಹಾಕಿ ಹಿಂಭಾಗವನ್ನು ಎತ್ತಿ ಹಿಡಿಯಬೇಕು. ದಿನಕ್ಕೆ ಮೂರು ಸಲ ಕಾಲನ್ನು ಮೆಲ್ಲಗೆ ಮಡಚಿ ಬಿಡಿಸಬೇಕು. ಗುಳಿಗೆ ತಪ್ಪಬಾರದು. ಕೊನೆಗೆ ಡಾಕ್ಟರು ನನ್ನನ್ನೇ ನೋಡಿ ಹೇಳಿದ್ದರು: "ಸರಳು ಜಾರಿದ್ರೆ ಮತ್ತೊಂದು ಹಾಕೂದಿಲ್ಲ ಮೇಡಂ. ಕಾಲು ತೆಗೀಬೇಕಾಗ್ತದೆ."

ಮಾಸ್ತರರು ಮರುದಿನ ಟೆಂಪೋದಲ್ಲಿ ಶಾಲೆಯ ಹರ್ಡಲ್ಸ್ ಹೇರಿಕೊಂಡು ಬಂದರು. ಮಳೆಗಾಲದಲ್ಲಿ ಆಟೋಟ ಹೇಗೂ ಇಲ್ಲ. ನಾಲ್ಕು ಹರ್ಡಲ್ಸನ್ನು ಜಗಲಿಯ ಮೂಲೆಗೆ ಅಡ್ಡ ಇಟ್ಟು, ಹಗ್ಗದಿಂದ ಬಿಗಿದು, ಹಾರಲೇಬಾರದ ನಾಯಿಗೆ ಹಾರುವ ಬೇಲಿಯನ್ನು ಕಟ್ಟಿಕೊಟ್ಟರು. ಹೊಲಿಗೆ ನೆಕ್ಕದಂತೆ ಬಣ್ಣದ ಬಕೆಟ್ಟಿನ ತಳ ಕತ್ತರಿಸಿ ಕುತ್ತಿಗೆಗೆ ತೊಡಿಸಿದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಹೆಸರು ಮಾತ್ರ ಇಡಬೇಡಿ ಅಕ್ಕೋರೆ. ಇಟ್ರೆ ಬಿಟ್ಟುಕೊಡೂದು ಕಷ್ಟ ಆಗ್ತದೆ," ಎಂದರು. ಕಿನ್ನರ ಎಂಬ ಹಳ್ಳಿಯಲ್ಲಿ ಗದ್ದೆ ಮಾಡುವ ಒಂದು ಮನೆಯವರು ತಮ್ಮ ನಾಯಿ ಸತ್ತು ಬೇಸರದಲ್ಲಿದ್ದರಂತೆ, ಕಾಲು ನೆಟ್ಟಗಾದ ಮೇಲೆ ಇದನ್ನು ಒಯ್ಯುತ್ತೇವೆ ಎಂದಿದ್ದರು. ಹೆಸರಿಡುವ ಉತ್ಸಾಹ ನನಗೂ ಇರಲಿಲ್ಲ. ಆಯಿ ಮಾತ್ರ ಎರಡನೆಯ ದಿನದಿಂದಲೇ ಅದನ್ನು 'ಪಾವ್ಣಿ' ಅನ್ನತೊಡಗಿದರು. ಕೊಂಕಣಿಯಲ್ಲಿ ಹಾಗೆಂದರೆ ಬಂದ ನೆಂಟಳು. ಅದು ಹೆಸರಲ್ಲವಲ್ಲ ಎಂದು ನಾನೂ ಹಾಗೇ ಕರೆದೆ.

ಕೆಂಪು ನಾಯಿ ಎಂದುಕೊಂಡೇ ಮನೆಗೆ ತಂದದ್ದು. ಗಾಯಕ್ಕೆ ನೀರು ತಾಗಿಸುವಂತಿರಲಿಲ್ಲವಾದ್ದರಿಂದ ಒದ್ದೆ ಬಟ್ಟೆಯಲ್ಲಿ ದಿನಕ್ಕೊಂದಿಷ್ಟು ಒರೆಸಿದೆವು. ಒಂದು ದಿನ ಬೆನ್ನು ಬೆಳ್ಳಗಾಯಿತು, ಮಾರನೆಯ ದಿನ ಕುತ್ತಿಗೆ. ವಾರದೊಳಗೆ ಜಗಲಿಯ ಮೇಲೆ ಬಿಳಿಯ ನಾಯಿಯೊಂದು ಕೂತಿತ್ತು, ಕಿವಿಗಳೆರಡು ಮಾತ್ರ ಎಷ್ಟು ತಿಕ್ಕಿದರೂ ಕಂದು. "ಅದು ಅದರದ್ದೇ ಬಣ್ಣ, ಚರ್ಮ ಕಿತ್ತು ಬರೂ ಮೊದ್ಲು ಬಿಡೆ," ಎಂದು ಗಂಡ ನಕ್ಕರು.

ಕಷ್ಟ ಶುರುವಾದದ್ದು ಊಟದಲ್ಲಿ. ಅನ್ನ ಮೊಸರು ಇಟ್ಟರೆ ಪಾವ್ಣಿ ಮೂಸಿ ಮುಖ ತಿರುಗಿಸುತ್ತಿದ್ದಳು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬೇಡ, ಬೇಯಿಸಿದ ಮೊಟ್ಟೆ ಬೇಡ. ಬಾಳೆಹಣ್ಣಿನಲ್ಲಿ ಗುಳಿಗೆ ಅಡಗಿಸಿ ಕೊಟ್ಟರೆ ಹಣ್ಣು ಹೊಟ್ಟೆಗೆ, ಗುಳಿಗೆ ಗೋಣಿತಾಟಿನ ಅಡಿಗೆ. ನಾಲ್ಕನೆಯ ದಿನ ಹೊಲಿಗೆಯ ಸುತ್ತ ನೀರಾಡತೊಡಗಿತು. ಫೋನು ಮಾಡಿದರೆ ಡಾಕ್ಟರು, "ಗುಳಿಗೆ ಹೊಟ್ಟೆಗೆ ಹೋಗ್ಲೇಬೇಕು. ಕೀವು ಎಲುಬಿಗೆ ಇಳಿದ್ರೆ ಕಾಲು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ," ಎಂದರು.

ಆಕೆಗೆ ಏನು ಬೇಕೆಂಬುದು ಅದೇ ದಿನ ಗೊತ್ತಾಯಿತು. ನಮ್ಮ ಕಡೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು ಗೇಟಿನ ಮುಂದೆ ಹಾದುಹೋದಳು. ಕೂಗಲಿಲ್ಲ, ನಿಲ್ಲಲಿಲ್ಲ, ಸುಮ್ಮನೆ ಹೋದಳು, ಅಷ್ಟೇ. ಬಕೆಟ್ಟಿನೊಳಗೆ ಮುಖವಿಟ್ಟು ಬಿದ್ದುಕೊಂಡಿದ್ದ ಪಾವ್ಣಿ ಎದ್ದು ಕೂತು, ಮೂಗು ಮೇಲೆತ್ತಿ, ಬುಟ್ಟಿ ಹೋದ ದಿಕ್ಕಿಗೇ ನೋಡುತ್ತ ಸಣ್ಣಗೆ ಅತ್ತಳು. ಖಾನಾವಳಿಯ ಹಿಂದೆ ಹುಟ್ಟಿ, ಲಾರಿಯವರ ತಾಟಿನಲ್ಲಿ ಉಳಿದ ಮೀನು ತಿಂದು ಬೆಳೆದವಳು. ಅವಳ ಲೆಕ್ಕದಲ್ಲಿ ಊಟವೆಂದರೆ ಅದೊಂದೇ.

ಮೀನಿನವಳು ಕೂಗದೆ ಹೋದದ್ದಕ್ಕೂ ಕಾರಣವಿತ್ತು. ಅದು ಶ್ರಾವಣ. ನಮ್ಮ ಕಡೆ ಕೆಲವರು ಶ್ರಾವಣದ ಸೋಮವಾರ ಮಾತ್ರ ಮೀನು ಬಿಡುತ್ತಾರೆ, ಕೆಲವರು ತಿಂಗಳಿಡೀ ಬಿಡುತ್ತಾರೆ. ನಮ್ಮ ಮನೆಯಲ್ಲಿ ಚೌತಿ ಮುಗಿಯುವ ತನಕ ಮೀನು ಗೇಟಿನ ಒಳಗೆ ಬರುವಂತಿಲ್ಲ. ನನ್ನ ಗಂಡ ಏಳು ವರ್ಷದವರಿದ್ದಾಗ ಶ್ರಾವಣದಲ್ಲಿ ಟೈಫಾಯ್ಡ್ ಬಂದು ಮಲಗಿದ್ದರಂತೆ. ಮಗು ಎದ್ದರೆ ಈ ತಿಂಗಳು ಮನೆಯಲ್ಲಿ ಮೀನು ಮುಟ್ಟುವುದಿಲ್ಲ ಎಂದು ಆಯಿ ಹರಕೆ ಹೊತ್ತರು. ಮಗು ಎದ್ದಿತು, ಮದುವೆಯಾಯಿತು, ತಲೆ ನರೆಯತೊಡಗಿತು, ಹರಕೆ ಒಂದು ವರ್ಷವೂ ತಪ್ಪಿರಲಿಲ್ಲ. ಮೀನು ತೊಳೆಯುವ ಕಲ್ಲನ್ನು ಕೂಡ ಅವರು ಆ ತಿಂಗಳು ಬೋರಲು ಹಾಕಿಡುತ್ತಿದ್ದರು.

ಅವರ ಹತ್ತಿರ ಹೋಗಿ ನಾಯಿಗೆ ಮೀನು ಬೇಕು ಎನ್ನುವ ಧೈರ್ಯ ನನಗಿರಲಿಲ್ಲ. ಕ್ಲಾಸಿನಲ್ಲಿ ಐವತ್ತು ಹುಡುಗರನ್ನು ಗದರಿಸುವವಳು ಮನೆಯಲ್ಲಿ ಕಳ್ಳಿಯಾದೆ. ಮರುದಿನ ಬೆಳಿಗ್ಗೆ ಬಸ್ ನಿಲ್ಲುವಲ್ಲಿ ಮೀನಿನವಳನ್ನು ಹಿಡಿದು, ದಿನಾ ನಾಲ್ಕು ತಾರ್ಲೆ ಮೀನು ಉಪ್ಪು ಖಾರ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು, ಎಲೆಯಲ್ಲಿ ಕಟ್ಟಿ ತಂದುಕೊಡು ಎಂದೆ.

"ಶ್ರಾವಣದಾಗೆ ನಿಮ್ಮನೆಗೆ ಮೀನಾ ಅಕ್ಕೋರೆ? ಆಯಿ ಕಂಡ್ರೆ ನನ್ನ ಬುಟ್ಟಿ ಸಮುದ್ರಕ್ಕೆ ಹೋಗ್ತದೆ," ಎಂದಳು.

"ಮನೆಗಲ್ಲ, ನಾಯಿಗೆ. ಆಯಿಗೆ ಹೇಳ್ಬೇಡ."

"ಹೇಳೂಕೆ ನಂಗೆಂತ ಆಗಿದೆ?" ಎಂದು ನಕ್ಕಳು. ಆ ನಗುವಿನ ಅರ್ಥ ನನಗಾಗ ತಿಳಿಯಲಿಲ್ಲ.

ಅಂದಿನಿಂದ ನನ್ನ ದಿನಚರಿಯೇ ಬದಲಾಯಿತು. ಬಸ್ಸಿಗೆಂದು ಹೊರಡುವುದು, ಸಾಗವಾನಿ ಎಲೆಯ ಪೊಟ್ಟಣ ತೆಗೆದುಕೊಳ್ಳುವುದು, ಆಯಿ ಹಿತ್ತಿಲಲ್ಲಿ ತುಳಸಿಗೆ ನೀರು ಹಾಕುವ ಹೊತ್ತಿಗೆ ಸರಿಯಾಗಿ ಮರಳಿ ಬರುವುದು. ಕೇಳಿದರೆ ಛತ್ರಿ ಮರೆತೆ, ಕನ್ನಡಕ ಮರೆತೆ, ಉತ್ತರಪತ್ರಿಕೆ ಮರೆತೆ. "ನಿನ್ನ ತಲೆ ಎಲ್ಲಿಟ್ಟಿದ್ಯೆ ಮಾರಾಯ್ತಿ?" ಎಂದು ಆಯಿ ಹಿತ್ತಿಲಿನಿಂದಲೇ ಬಯ್ಯುತ್ತಿದ್ದರು. ಗುಳಿಗೆ ಹುದುಗಿಸಿದ ತಾರ್ಲೆಯನ್ನು ಪಾವ್ಣಿ ಒಂದೇ ಗುಟುಕಿಗೆ ನುಂಗಿ, ನನ್ನ ಬೆರಳುಗಳನ್ನು ಒಂದೊಂದಾಗಿ ನೆಕ್ಕುತ್ತಿದ್ದಳು. ಬಕೆಟ್ಟಿನ ಅಂಚು ಮೊಣಕೈಗೆ ತಾಗಿ ನೋಯುತ್ತಿತ್ತು, ನಾನು ಕೈ ಎಳೆದುಕೊಳ್ಳುತ್ತಿರಲಿಲ್ಲ. ನಾಯಿ ಎಂದರೆ ಅಷ್ಟಕ್ಕಷ್ಟೇ ಎನ್ನುವುದು ಬಹುಶಃ ಆ ದಿನಗಳಲ್ಲೇ ಮುಗಿಯಿತು.

ಹೊಲಿಗೆ ಒಣಗಿತು. ಕಾಲು ಮಡಚಿ ಬಿಡಿಸುವ ಕೆಲಸ ಮೊದಲು ನನ್ನದಿತ್ತು, ನನಗೆ ಹೆದರಿಕೆ, ಪಾವ್ಣಿಗೂ ಹೆದರಿಕೆ. ಒಂದು ಸಂಜೆ ಆಯಿ ಬಾಗಿಲಲ್ಲಿ ನಿಂತು ನೋಡಿ ನೋಡಿ ಸಾಕಾಗಿ, "ಸರಿ ಅತ್ಲಾಗೆ," ಎಂದು ಹರ್ಡಲ್ ದಾಟಿ ಒಳಗೆ ಕೂತರು. ಸೊಂಟವನ್ನು ಎಡಗೈಯಲ್ಲಿ ಆನಿಸಿ, ಬಲಗೈಯಲ್ಲಿ ಕಾಲನ್ನು ಹಿಡಿದು, ಮಡಚಿ, ಒಂದು ಉಸಿರು ನಿಂತು, ಬಿಡಿಸಿದರು. ಬಾಣಂತಿ ಮನೆಯಲ್ಲಿ ಎಣ್ಣೆ ಹಚ್ಚಿ ಕೂಸುಗಳ ಕೈಕಾಲು ನೀವಿ ಎಳೆಯುವ ಕೈ ಅದು, ನಂಟರಿಷ್ಟರಲ್ಲಿ ಎಷ್ಟು ಕೂಸುಗಳನ್ನು ಮೀಯಿಸಿತ್ತೋ. ಪಾವ್ಣಿ ಕಣ್ಣು ಮುಚ್ಚಿ ಅವರ ಮಂಡಿಗೆ ಗಲ್ಲವೂರಿದಳು. ಆಮೇಲೆ ಆ ಕೆಲಸಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಹೊರಗೆ ಒಯ್ಯುವಾಗ ಹೊಟ್ಟೆಗೆ ಆಸರೆಯಾಗಿ ಹಿಡಿಯುವುದಕ್ಕೂ ಅವರೇ ತಮ್ಮ ಹಳೆಯ ಸೀರೆಯೊಂದನ್ನು ಹರಿದುಕೊಟ್ಟರು.

ಆದರೆ ಅನ್ನ ಮೊಸರಿನ ತಾಟು ಮಾತ್ರ ಇಟ್ಟಲ್ಲೇ ಇರುತ್ತಿತ್ತು. ಯಾಕೆಂದು ನನಗೆ ಗೊತ್ತಿತ್ತು, ಆದ್ದರಿಂದ ಚಿಂತೆಯಿರಲಿಲ್ಲ. ಮನೆಯ ಉಳಿದಿಬ್ಬರಿಗೆ ಗೊತ್ತಿಲ್ಲ ಎಂಬುದು ನನ್ನ ಗಣಿತದ ತಲೆಗೆ ಹೊಳೆಯಲೇ ಇಲ್ಲ. ಹೊಟ್ಟೆಗಿಲ್ಲದ ನಾಯಿ ದಿನೇ ದಿನೇ ದುಂಡಗಾಗುತ್ತಿದೆಯಲ್ಲ ಎಂದು ಯಾರೂ ಬಾಯಿ ಬಿಡಲಿಲ್ಲ. ಆ ಶ್ರಾವಣದಲ್ಲಿ ನಮ್ಮ ಬಾವಿಕಟ್ಟೆಯ ಮೇಲೆ ಸೋಪು ಬೇಗ ಬೇಗ ಕರಗುತ್ತಿತ್ತು. ಜಗಲಿಯಲ್ಲಿ ಒಮ್ಮೊಮ್ಮೆ ಮೀನಿನ ವಾಸನೆ ಬಂದಂತಾದರೆ ನಾನು ನನ್ನ ಕೈಯದೇ ಎಂದು ಗಾಬರಿಯಾಗಿ ಮತ್ತೊಮ್ಮೆ ತೊಳೆದುಕೊಳ್ಳುತ್ತಿದ್ದೆ.

ಮೂರು ವಾರಕ್ಕೆ ಡಾಕ್ಟರು ನೋಡಬೇಕೆಂದರು. ಮೂವರೂ ಹೋದೆವು. ಆಯಿ ಬರುತ್ತೇನೆಂದು ತಾವೇ ಹೊರಟದ್ದು ನನಗೆ ಆಶ್ಚರ್ಯ. ದನದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಇರಲಿಲ್ಲ. ಪೇಟೆಯಲ್ಲಿ ಮನುಷ್ಯರ ಎಕ್ಸ್‌ರೇ ತೆಗೆಯುವ ಒಬ್ಬರು, ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ, ಹಿಂದಿನ ಬಾಗಿಲಿನಿಂದ ಪಾವ್ಣಿಯನ್ನು ಒಳಗೆ ಬಿಟ್ಟುಕೊಂಡರು. ಫಿಲ್ಮಿನ ಲಕೋಟೆ ಹಿಡಿದು ಡಾಕ್ಟರ ಹತ್ತಿರ ಬಂದೆವು.

ಡಾಕ್ಟರು ಮೊದಲು ತೂಕ ನೋಡಿದರು. ಮತ್ತೊಮ್ಮೆ ನೋಡಿದರು. ಬರುವಾಗ ಹದಿಮೂರು ಕಿಲೋ ಇದ್ದವಳು ಹದಿನೇಳಾಗಿದ್ದಳು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. ಆಮೇಲೆ ಬೆರಳಿಟ್ಟು ತೋರಿಸಿದರು. ಸರಳಿನ ತುದಿ ಮೊದಲು ಇದ್ದ ಜಾಗದಿಂದ ಒಂದು ಉಗುರಿನಷ್ಟು ಮೇಲೆ ಬಂದಿತ್ತು.

"ಇಷ್ಟು ಭಾರ ಹೊರೂ ಕಾಲಲ್ಲ ಇದು. ಇನ್ನೊಂಚೂರು ಜಾರಿದ್ರೆ ಕಾಲು ತೆಗೆಯೂದೇ. ಇದಕ್ಕೆ ಎಂತ ಹಾಕ್ತೀರಿ?" ಎಂದರು.

"ಅನ್ನ ಮೊಸರು," ಎಂದೆ. ನನ್ನ ಗಂಡ ಪಕ್ಕದಲ್ಲಿ ತಲೆಯಾಡಿಸಿದರು. ಡಾಕ್ಟರು ನಮ್ಮಿಬ್ಬರ ಮುಖವನ್ನೂ ನೋಡಿದರು. ಪಾವ್ಣಿ ಮೇಜಿನ ಮೇಲಿನಿಂದ ಕತ್ತು ಚಾಚಿ ಆಯಿಯ ಸೆರಗಿನ ತುದಿಯನ್ನು ಮೂಸುತ್ತಿದ್ದಳು.

"ಸುಳ್ಳು ಯಾಕೆ, ಡಾಕ್ಟ್ರೆ," ಎಂದರು ಆಯಿ. "ನಾನು ಮೀನು ಹಾಕ್ತಿದ್ದೆ. ದಿನಾ ಮಧ್ಯಾಹ್ನ, ಹಿತ್ತಿಲ ಬೇಲಿ ಹತ್ರ."

ನನ್ನ ಗಂಡ ತಟ್ಟನೆ ತಿರುಗಿ ಆಯಿಯನ್ನು ನೋಡಿದರು. ಅವರ ಜೀವಕ್ಕಾಗಿ ಹೊತ್ತ ಹರಕೆ ಅದು, ಅವರೆದುರಿಗೇ ಆಯಿ ಅದನ್ನು ಮುರಿದೆನೆಂದು ಹೇಳುತ್ತಿದ್ದರು. ಗಂಡ ನೆಲ ನೋಡುತ್ತ, "ಆಯಿ, ನಾನೂ ಹಾಕ್ತಿದ್ದೆ. ಕಾರ್ಖಾನೆ ಗೇಟಿನಲ್ಲಿ ತಕೊಂಡು ಬರ್ತಿದ್ದೆ. ನೀ ಬಯ್ತಿ ಅಂತ ಹೇಳಲಿಲ್ಲ," ಎಂದರು. ಇನ್ನು ನಾನೊಬ್ಬಳು ಉಳಿದಿದ್ದೆ. ಹೇಳಿದೆ. ಛತ್ರಿ, ಕನ್ನಡಕ, ಉತ್ತರಪತ್ರಿಕೆ, ಎಲ್ಲ.

ಮೂವರಿಗೂ ಪೊಟ್ಟಣ ಕಟ್ಟಿಕೊಟ್ಟವಳು ಒಬ್ಬಳೇ ಮೀನಿನವಳು. ಹುಟ್ಟಿದಂದಿನಿಂದ ಹೊಟ್ಟೆ ತುಂಬ ಉಂಡಿರದ ನಾಯಿ ದಿನಕ್ಕೆ ಮೂರು ಹೊತ್ತು ಹಬ್ಬದೂಟ ಉಂಡಿತ್ತು. ತಾಟಿನ ಅನ್ನ ಮುಟ್ಟದ್ದನ್ನು ಕಂಡು ಅಯ್ಯೋ ಹಸಿದಿದೆ ಎಂದು ಅವರಿಬ್ಬರೂ ಗುಟ್ಟಾಗಿ ಮರುಗಿದ್ದರು, ದುಂಡಗಾಗುತ್ತಿರುವುದು ತಮ್ಮೊಬ್ಬರ ಮೀನಿನಿಂದ ಎಂದು ಮೂವರೂ ಒಳಗೊಳಗೇ ಬೀಗಿದ್ದೆವು. ನಾನು ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಬೇಡದಲ್ಲೆಲ್ಲ ಆಡುವ ನಾಲಿಗೆ ಬೇಕಾದಲ್ಲಿ ಸುಮ್ಮನಿತ್ತು. ಡಾಕ್ಟರಿಗೆ ನಗು ಬಂದಿರಬೇಕು, ಆದರೆ ನಗಲಿಲ್ಲ. ಒಂದು ಚೀಟಿಯಲ್ಲಿ ಎಷ್ಟು ಅನ್ನ, ಎಷ್ಟು ಮೀನು ಎಂದು ಬರೆದು, ನಮ್ಮಿಬ್ಬರಿಗೆ ಕೊಡದೆ ಆಯಿಯ ಕೈಗೆ ಕೊಟ್ಟರು.

ರಿಕ್ಷಾದಲ್ಲಿ ಪಾವ್ಣಿ ಮೂವರ ತೊಡೆಯ ಮೇಲೂ ಅಡ್ಡ ಮಲಗಿದ್ದಳು. ಬಿಣಗಾ ಹತ್ತಿರ ಬರುವಾಗ ಆಯಿ, ಯಾರನ್ನೂ ನೋಡದೆ, "ಇಂವ ಮಲಗಿದ್ದಾಗ ಹದಿನಾಲ್ಕು ದಿನ ಒಂದಗುಳು ಉಣ್ಣಲಿಲ್ಲ. ದಿನಾ ಮಾಡಿಡೂದು, ದಿನಾ ಹಂಗೇ ಎತ್ತೂದು. ಮುಟ್ಟದ ತಾಟು ಮತ್ತೆ ನೋಡೂಕೆ ನಂಗೆ ಆಗಲಿಲ್ಲ," ಎಂದರು. ಗಂಡ ಮುಖ ಹೊರಗೆ ಮಾಡಿಕೊಂಡರು. ನನಗೆ ಅತ್ತೆಯ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಅದನ್ನು ಹೇಳಲು ಗೊತ್ತಾಗದೆ ಅವರ ಮೊಣಕೈ ಹಿಡಿದುಕೊಂಡು ಕೂತೆ.

ಮುಂದಿನ ಮೂರು ವಾರ ಆಯಿಯ ರಾಜ್ಯಭಾರ. ದಿನಕ್ಕೆ ಒಂದೇ ಪೊಟ್ಟಣ, ಹಿತ್ತಿಲಲ್ಲಿ, ಹಾಡುಹಗಲು, ಅವರ ಕೈಯಿಂದಲೇ. ಅನ್ನವನ್ನು ಚಹದ ಬಸಿಯಲ್ಲಿ ಅಳೆದು, ತಾರ್ಲೆಯ ಜೊತೆ ಕಿವುಚಿ ಕೊಡುತ್ತಿದ್ದರು. ಗೇಟಿನ ಹೊರಗೆ ನಿಂತ ಮೀನಿನವಳನ್ನು ಚೆನ್ನಾಗಿ ಝಾಡಿಸಿದರು. "ಮೂರೂ ಜನ ಯಾರಿಗೂ ಹೇಳ್ಬೇಡ ಅಂದ್ರಿ. ನಾ ಯಾರ ಮಾತು ಮೀರೂದು, ಆಯಿ?" ಎಂದು ಅವಳು ಬುಟ್ಟಿ ಎತ್ತಿಕೊಂಡಳು. ಪಾವ್ಣಿ ಬಸಿ ನೆಕ್ಕಿ ಮುಗಿಸಿ ನನ್ನ ಕಡೆ ನೋಡುತ್ತಿದ್ದಳು, ಛತ್ರಿ ಮರೆತು ಬರಬಾರದೇ ಎನ್ನುವ ಹಾಗೆ. ನಾನು ಬೇಗ ಬೇಗ ಬಸ್ಸಿಗೆ ನಡೆಯುತ್ತಿದ್ದೆ. ಹಗಲೆಲ್ಲ ಕರಿಹಲಗೆಯ ಮೇಲೆ ರೇಖೆ ಎಳೆಯುವಾಗ ಫಿಲ್ಮಿನೊಳಗಿನ ಸರಳೇ ಕಣ್ಣ ಮುಂದೆ ಬರುತ್ತಿತ್ತು.

ಚೌತಿ ಮುಗಿದ ಮೇಲೆ ಮತ್ತೆ ಎಕ್ಸ್‌ರೇ. ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದಾಗ ನಾನು ಕಣ್ಣು ಮುಚ್ಚಿಕೊಂಡೆ. "ಸರಳು ಅಲ್ಲೇ ಇದೆ. ಎಲುಬು ಕೂಡಿದೆ. ಇನ್ನು ಕೆಲವು ದಿನ ಬಿಟ್ಟು ಸರಳು ಹೊರಗೆ ತೆಗೆಯೂದು, ಅಷ್ಟೇ," ಎಂದರು. ಆಯಿ ಕೂಡಲೇ ಕಾಲು ಮುಟ್ಟಿ ನೋಡಿ, "ನಂಗೆ ಹೋದ ವಾರವೇ ಗೊತ್ತಿತ್ತು," ಎಂದರು. ಗೊತ್ತಿದ್ದರೆ ನಮಗೂ ಹೇಳಬಾರದಿತ್ತೇ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಸರಳು ತೆಗೆದು, ಆ ಗಾಯವೂ ಆರಿದ ಮೇಲೆ ಮಾಸ್ತರರು ಕಿನ್ನರದ ಮಾತೆತ್ತಿದರು. ನಾನು ಕೊಡುವುದಿಲ್ಲ ಎಂದೆ. ಮಾತು ಕೊಟ್ಟಿದ್ದೇವೆ ಅಕ್ಕೋರೆ ಎಂದರು. ಕೊಟ್ಟವರು ನೀವು, ನಾನಲ್ಲ ಎಂದೆ. ಬಡಪಾಯಿ ಮಾಸ್ತರರು ನನ್ನ ಗಂಡನ ಮುಖ ನೋಡಿದರು. ಗಂಡ ನನ್ನ ಪರವೇ ಇದ್ದರು.

ಒಳಗಿನಿಂದ ಆಯಿ ಬಂದರು. ಅಷ್ಟರಲ್ಲಿ ನಮ್ಮ ಮನೆಯ ಮುಂದಿನ ಹೈವೇಯಲ್ಲಿ ಲಾರಿಯೊಂದು ಹಾರ್ನು ಬಾರಿಸುತ್ತ ಹೋಯಿತು, ಅದರ ಹಿಂದೆ ಇನ್ನೊಂದು. ಪಾವ್ಣಿ ನಡುಗಿ ಆಯಿಯ ಕಾಲ ಹಿಂದೆ ಸೇರಿಕೊಂಡಳು. ಗೇಟಿನಿಂದ ರಸ್ತೆಗೆ ಹತ್ತು ಹೆಜ್ಜೆಯಿಲ್ಲ.

"ಇಲ್ಲಿದ್ರೆ ಹಗಲೂ ರಾತ್ರೆ ಕಟ್ಟೇ ಹಾಕ್ಬೇಕು," ಎಂದರು ಆಯಿ. "ಕಟ್ಟಿಹಾಕೂಕೆ ಕಾಲು ಮಾಡಿಸಿದ್ದಾ ನಾವು?"

ಆ ಭಾನುವಾರ ಮಾಸ್ತರರು ಪಾವ್ಣಿಯನ್ನು ಕರೆದುಕೊಂಡು ಹೋದರು. ಆಯಿ ಸೀರೆಯ ಆ ತುಂಡನ್ನೂ ಜೊತೆಗೆ ಕಳಿಸಿದರು. ಬೇಕಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಹರ್ಡಲ್ಸ್ ಶಾಲೆಗೆ ಮರಳಿದವು, ಒಂದರ ಕಾಲಿನಲ್ಲಿ ಹಲ್ಲಿನ ಗುರುತಿತ್ತು. ಆ ವರ್ಷ ಆಟೋಟದ ದಿನ ನಾನು ಆ ಒಂದನ್ನೇ ನೋಡುತ್ತ ಕೂತಿದ್ದೆ.

ಮುಂದಿನ ಶ್ರಾವಣ ಬಂತು. ಆಯಿ ಮೀನು ತೊಳೆಯುವ ಕಲ್ಲನ್ನು ಎಂದಿನಂತೆ ಬೋರಲು ಹಾಕಿದರು. ಒಂದು ರಜೆಯ ದಿನ ಬೆಳಿಗ್ಗೆ ಅವರೇ ಗೇಟಿನ ಹೊರಗೆ ನಿಂತು ಮೀನಿನವಳಿಂದ ಎಲೆಯ ಪೊಟ್ಟಣವೊಂದನ್ನು ತೆಗೆದುಕೊಂಡರು. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ, "ಹರಕೆ ಮನೆಯವರಿಗೆ. ಪಾವ್ಣೇರಿಗಲ್ಲ," ಎಂದರು. ಮೂವರೂ ಕಿನ್ನರದ ಬಸ್ಸು ಹತ್ತಿದೆವು. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರೂ ಆಯಿ ಪೊಟ್ಟಣವನ್ನು ಮಡಿಲಿನಿಂದ ಇಳಿಸಲಿಲ್ಲ.

ಆ ಮನೆಯಾಕೆ ಅಂಗಳದಲ್ಲಿ ನಿಂತು ಗದ್ದೆಯ ಕಡೆ ಕೂಗಿದಳು. ದೂರದ ಹಾಳಿಯ ಬದುವಿನ ಮೇಲೆ ಬಿಳಿಯದೊಂದು ತಲೆಯೆತ್ತಿತು. ಆಮೇಲೆ ಓಡಿತು. ನೀರು ನಿಂತ ಗದ್ದೆಗಳ ನಡುವೆ, ಹಾಳಿಯಿಂದ ಹಾಳಿಗೆ ಹಾರುತ್ತ, ಕಂದು ಕಿವಿ ಹಿಂದಕ್ಕೆ ಬಿದ್ದು, ನಮ್ಮ ಕಡೆಗೇ ಬಂತು. ಆರು ವಾರ ನಾವು ಉಸಿರು ಹಿಡಿದು ತಡೆದಿದ್ದ ಓಟವೆಲ್ಲ ಅದರಲ್ಲಿತ್ತು. ನಾನು ಮುರಿದ ಕಾಲನ್ನು ಹುಡುಕುತ್ತಿದ್ದೆ. ಎಡದ್ದೋ ಬಲದ್ದೋ ಎಂದು ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಗಂಡನನ್ನು ಕೇಳಿದೆ, ಅವರೂ ಗೊತ್ತಾಗ್ತಾ ಇಲ್ಲ ಎಂದರು.

ಪಾವ್ಣಿ ಕೆಸರು ಕಾಲಿನಲ್ಲೇ ಆಯಿಯ ಮೈಮೇಲೆ ಬಿದ್ದಳು. ಆಯಿ ಪೊಟ್ಟಣ ಬಿಚ್ಚಿ ಅಂಗಳದಲ್ಲೇ ಕೂತರು. ಅವಳು ತಾರ್ಲೆ ತಿನ್ನುತ್ತಿರುವಾಗ ಅವರ ಎಡಗೈ ತಾನಾಗಿ ಅವಳ ಸೊಂಟಕ್ಕೆ ಹೋಯಿತು, ಬಲಗೈ ಒಂದು ಹಿಂಗಾಲನ್ನು ಹಿಡಿದು, ಮಡಚಿ, ಒಂದು ಉಸಿರು ನಿಂತು, ಬಿಡಿಸಿತು. "ಇದು," ಎಂದರು.